ಬಂಗಡೆ ಪೆಟ್ಟಿಗೆಯಲ್ಲಿ ಫಝ್

ಕಾಜೂಬಾಗದ ವೆರ್ಣೇಕರ ಮಾಮ ರೇಡಿಯೋ ಅಂಗಡಿ ಮುಚ್ಚುವಾಗ
ನನ್ನ ಕೈಗೊಂದು ಹಾರ್ಲಿಕ್ಸ್ ಬಾಟ್ಲಿ ಇಟ್ಟರು.
ಒಳಗೆ ತಗಡಿನ ಟೋಪಿ ಹಾಕಿದ ಮೂರು ಕಾಲಿನ ಪುಟ್ಟ ಜನ,
ಮೈಮೇಲಿನ ನಂಬರು ಮಾಸಿದವರು.
"ಜರ್ಮೇನಿಯಂ. ಸಿಲಿಕಾನ್ ಬಂದಮೇಲೆ ಕೇಳುವವರಿಲ್ಲ.
ಬೆಸುಗೆ ಹಾಕುವಾಗ ಕಾಲನ್ನು ಇಕ್ಕಳದಲ್ಲಿ ಹಿಡಿ,
ಬಿಸಿ ತಡಿಯೂದಿಲ್ಲ ಇವು" ಎಂದರು.
ನಾನು, ಬೆಸುಗೆಯದ್ದೊಂದೇ ಬಿಸಿ ಅಂದುಕೊಂಡೆ.

ಬೈತಖೋಲದ ಐಸ್ ಪ್ಲ್ಯಾಂಟಿನಲ್ಲಿ ಸ್ವಿಚ್‌ಬೋರ್ಡಿನವಳು ನಾನು.
ಕಂಪ್ರೆಸರ್ ಏಳುವುದು, ಬೀಳುವುದು, ಮತ್ತೆ ಏಳುವುದು
ಅದು ಹಗಲಿನ ಲೆಕ್ಕ.
ರಾತ್ರಿ ಕೈ ಎರಡೆರಡು ಸಲ ತೊಳೆದು
ಅಗ್ನೇಲನ ಗಿಟಾರಿಗೆ ಪೆಡಲ್ ಕಟ್ಟಲು ಕೂರುತ್ತೇನೆ.
"ಹರಿದ ಹಾಯಿ ಗಾಳಿಗೆ ಬಡಿದ ಹಾಗಿರಬೇಕು ದನಿ" ಎನ್ನುತ್ತಾನೆ.
ಹಾಯಿ ಅವನು ನೋಡಿದ್ದು ಕ್ಯಾಲೆಂಡರಿನಲ್ಲಿ.

ಡಬ್ಬಿ: ಅಣ್ಣನ ಹಳೇ ಟಿಫಿನ್ನಿನದು.
ಕಾಲಲ್ಲಿ ಒತ್ತುವ ಸ್ವಿಚ್ಚು: ಬೋಟಿನ ಗುಜರಿಯಿಂದ.
ಮೊದಲ ರಾತ್ರಿ ಸದ್ದೇ ಇಲ್ಲ.
ಬ್ಯಾಟರಿಯನ್ನು ನಾಲಿಗೆಗೆ ಮುಟ್ಟಿಸಿದೆ, ಚುರುಕ್ ಎಂದಿತು, ಜೀವ ಇದೆ.
ತಂತಿಯ ತುದಿಗೊಂದು ಕೆಪಾಸಿಟರ್ ಕಟ್ಟಿ
ವೈದ್ಯರ ಕೊಳವೆಯಂತೆ ಒಂದೊಂದೇ ಬೆಸುಗೆಗೆ ಇಟ್ಟು ಕೇಳಿದೆ:
ಇಲ್ಲಿಯ ತನಕ ಬಂತು, ಇಲ್ಲಿಯ ತನಕ ಬಂತು,
ಇಲ್ಲಿ ನಿಂತಿತು.
ಈ ಜನರ ಊರಲ್ಲಿ ಪ್ಲಸ್ಸೇ ನೆಲ, ಮೈನಸ್ಸೇ ಮೇಲೆ.
ಅಭ್ಯಾಸಬಲದಿಂದ ಬ್ಯಾಟರಿಯನ್ನು ತಿರುಗಾಮುರುಗಾ ಕೂರಿಸಿದ್ದೆ.
ತಿರುಗಿಸಿದೆ. ಮನೆ ನಡುಗಿತು.
ಪಕ್ಕದ ಮನೆಯ ಕುಸುಮಕ್ಕ ಕಿಟಕಿ ತೆಗೆದು ಕೇಳಿದಳು,
"ಮಿಕ್ಸರ್ ಸುಟ್ಟಿತೇನೇ ಶೇವಂತಿ?"

ಕೋಡಿಬಾಗದಲ್ಲಿ ಅಗ್ನೇಲನ ಮಾವಶಿಯ ಮಗಳ ರೋಸ್.
ಮೇ ತಿಂಗಳು, ತಗಡಿನ ಚಪ್ಪರ, ಮಧ್ಯಾಹ್ನದ ಒಂದೂವರೆ.
ಎರಡನೇ ಹಾಡಿಗೆ ಪೆಡಲ್ ಗಂಟಲು ಕಟ್ಟಿ
ಕೆಮ್ಮಿ, ತೊದಲಿ,
ತಂತಿ ಜೋರಾಗಿ ಮೀಟಿದರೆ ಮಾತ್ರ ಒಂದು ತುಣುಕು ಉಗುಳಿತು.
"ಮೆಲೆಂ ಗೊ!" ಎಂದ ಅಗ್ನೇಲ್. ಸತ್ತೇ ಹೋಯಿತಂತೆ.
ರಾತ್ರಿ ಮನೆಯಲ್ಲಿ ತೆರೆದು ನೋಡಿದರೆ
ಏನೂ ಆಗದವರ ಹಾಗೆ ಹಾಡುತ್ತಿದೆ.

ಬೆಸುಗೆಗಳನ್ನೆಲ್ಲ ಮತ್ತೆ ಕರಗಿಸಿದೆ. ಜ್ಯಾಕ್ ಬದಲಿಸಿದೆ.
ಉಪ್ಪುಗಾಳಿ ತಿಂದಿರಬೇಕೆಂದು ಪಾಟಿಗೆ ಎಣ್ಣೆ ಬಿಟ್ಟೆ.
ಮೂರು ದಿನ ಅಗ್ನೇಲನನ್ನೇ ಬೈದೆ.
ನಾಲ್ಕನೇ ದಿನ ಪೆಡಲನ್ನು ಕೆಲಸಕ್ಕೇ ಒಯ್ದೆ.
ಊಟದ ಹೊತ್ತು, ಬಿಸಿಲಲ್ಲಿ ಮೀಟರ್ ಚುಚ್ಚಿದರೆ
ನಾಲ್ಕೂವರೆ ಇರಬೇಕಾದಲ್ಲಿ ಏಳು ವೋಲ್ಟ್ ದಾಟಿದೆ.
ಯಾರೋ ಕರೆದರೆಂದು ಹಾಗೇ ಎತ್ತಿಕೊಂಡು
ಐಸ್ ಕೋಣೆಯೊಳಗೆ ಹೋದೆ.
ದಿಮ್ಮಿಗಳ ನಡುವೆ ಉಸಿರು ಹೊಗೆಯಾಗುವಾಗ
ಮೀಟರಿನ ಅಂಕಿ ಇಳಿಯಿತು: ಆರು. ಐದು ಕಾಲು.
ನಾಲ್ಕೂವರೆಗೆ ಬಂದು ಮಗುವಿನಂತೆ ಮಲಗಿತು.
ತಡಿಯೂದಿಲ್ಲ ಇವು. ಮಾಮ ಹೇಳಿದ್ದರು,
ಹೇಳಿದ್ದನ್ನು ನಾನು ಇಕ್ಕಳದಷ್ಟಕ್ಕೇ ಕೇಳಿಸಿಕೊಂಡಿದ್ದೆ.

ಮುಂದಿನ ಭಾನುವಾರ ರಿಸೆಪ್ಶನ್ನಿಗೆ ಅಗ್ನೇಲ್ ಬಂದದ್ದು
ಒಂದು ಹೆಗಲಲ್ಲಿ ಗಿಟಾರು, ಇನ್ನೊಂದರಲ್ಲಿ ಥರ್ಮಾಕೋಲ್ ಪೆಟ್ಟಿಗೆ.
ಒಳಗೆ ಪುಡಿ ಐಸು, ಅದರ ಮೇಲೆ ಪ್ಲಾಸ್ಟಿಕ್ ಸುತ್ತಿದ ಪೆಡಲು.
ಹಿಂದಿನ ದಿನ ಅದೇ ಪೆಟ್ಟಿಗೆಯಲ್ಲಿ ಬಂಗಡೆ ಇತ್ತು.
ಹಾಯಿ ಹರಿಯಿತು, ಗಾಳಿ ಬಡಿಯಿತು.
ಮದುಮಗನ ಅಜ್ಜ ಕಿವಿಯ ಯಂತ್ರ ತೆಗೆದು ಜೇಬಿಗಿಟ್ಟ.
ಎಲ್ಲಿಂದಲೋ ಬೆಕ್ಕೊಂದು ವೇದಿಕೆ ಹತ್ತಿ
ಪೆಟ್ಟಿಗೆಯ ಪಕ್ಕದಲ್ಲೇ ಕೂತು
ಐದನೇ ಹಾಡು ಮುಗಿಯುವ ತನಕ ಅಲುಗಲಿಲ್ಲ.
ಆರನೆಯದಕ್ಕೆ ಐಸು ನೀರಾಗಿತ್ತು.

ಆಮೇಲೆ ಸಿಲಿಕಾನಿನಲ್ಲಿ ಇನ್ನೊಂದು ಕಟ್ಟಿಕೊಟ್ಟೆ.
ಬೆಳಿಗ್ಗೆ ಒಂದೇ, ಮಧ್ಯಾಹ್ನ ಒಂದೇ, ತಕರಾರಿಲ್ಲದ್ದು.
ಅರ್ಧ ಗಂಟೆ ನುಡಿಸಿದ.
"ಚಲೋ ಅದೆ" ಎಂದ.
ತಂತಿ ಸುತ್ತಿ, ಬದಿಗಿಟ್ಟು,
ಚಪ್ಪಲಿ ಮೆಟ್ಟುತ್ತ ಕೇಳಿದ:
"ಶನಿವಾರಕ್ಕೆ ಎಷ್ಟು ಐಸ್ ಸಿಗ್ತದೆ?"