ಟಿಕಳಿ

ಲಕ್ಕುಂಡಿ ಮದಿವಿಗೆ ನೂರೈವತ್ತು ಕುರ್ಚಿ,
ಎರಡು ಹಂಡೆ, ಒಂದು ಮುರುಕ ಕಮಾನು
ಪಿಕಪ್ಪಿನ್ಯಾಗ ಹೇರಿಕೊಂಡು ಹೊಂಟಿದ್ದೆ.
ಹಿಂದಿನ ಬೈಕಿನಂವ ಹಾರ್ನ್ ಹೊಡದು
"ಅಣ್ಣಾ, ನಿನ್ನ ಗಾಡಿ ಗಂಜಿ ಕುದಸಾಕತ್ತೈತಿ" ಅಂದ.
ಕನ್ನಡಿಯೊಳಗ ನೋಡಿದೆ:
ರಸ್ತೆ ಇರಲಿಲ್ಲ.
ಬೆಳ್ಳಗ, ಅರಳಿ ಹಿಂಜಿದಂಗ, ಹೊಗಿ.

ಚಹಾದಂಗಡ್ಯಾಗ ಎಲ್ಲಾರೂ ವೈದ್ಯರ.
"ಡೀಸೆಲ್ಲಿನ್ಯಾಗ ನೀರು ಬೆರಸ್ಯಾರ" ಒಬ್ಬ.
"ನಾಜಲ್ ಸೋರತಾವು, ಬ್ಯಾರೆ ಹಾಕಸು" ಇನ್ನೊಬ್ಬ.
"ಥಂಡಿ ಹತ್ತೈತಿ, ಮುಂಜಾನೆ ನನ್ನ ಬಾಯಿಂದೂ ಹಿಂಗ ಬರತೈತಿ"
ಅಂದ ಬೀಡಿ ಹಚ್ಚಿದ ಮುದುಕ.
ಏಪ್ರಿಲ್ ತಿಂಗಳು, ಮಧ್ಯಾಹ್ನದ ಎರಡು ಗಂಟೆ.

ಮುಳಗುಂದ ನಾಕಾದ ಆಚೆ ರಾಜೇಸಾಬನ ಗ್ಯಾರೇಜು.
ಬೋರ್ಡಿಲ್ಲ; ಬೇವಿನ ಗಿಡಕ್ಕ ತೂಗುಬಿದ್ದ
ಸುಟ್ಟ ಗ್ಯಾಸ್ಕೆಟ್ಟುಗಳ ಮಾಲಿನ ಬೋರ್ಡು.
ಅಂವ ಪಾನಾ ಮುಟ್ಟಲಿಲ್ಲ.
ಸೈಲೆನ್ಸರಿನ ಹಿಂದ ಕುಕ್ಕರಗಾಲಿಲೆ ಕುಂತ,
ಅಂಗೈ ಒಡ್ಡಿದ, ಮೂಸಿದ,
ಸಾರು ಮೂಸಿ ಉಪ್ಪು ಹೇಳೋರ ಹಂಗ.

"ಡೀಸೆಲ್ಲಾಗಿದ್ರ ಕಣ್ಣು ಉರೀತಿದ್ದವು.
ಕೂಲಂಟಾಗಿದ್ರ ಬೆಲ್ಲದ ಪಾಕದ ವಾಸನಿ.
ಇದಕ್ಕ ವಾಸನಿನ ಇಲ್ಲ.
ಇದು ಹೊಗಿ ಅಲ್ಲೋ, ಉಗಿ.
ರೇಡಿಯೇಟರಿಗೆ ಏನ್ ಹಾಕಿದಿ?"

ಏನ್ ಹೇಳ್ಲಿ?
ಮನಿ ಮುಂದಿನ ಬೋರಿನ ನೀರು, ಎರಡು ಬ್ಯಾಸಗಿ.
ಚಹಾದ ಪಾತೇಲಿ ತಳಕ್ಕ ಸುಣ್ಣ ಕಟ್ಟಿಸೋ
ಅದ ಸವಳು ನೀರು.

ಎಣ್ಣಿ ಮುಚ್ಚಳ ತಿರುವಿದ:
ಒಳಮೈಗೆ ಹಾಲು ಹೆಚ್ಚಾದ ಚಹಾದ ಕೆನಿ.
ಎಂಜಿನ್ ಪೂರಾ ಆರೋತನಕ ಮುಟ್ಟಲಿಲ್ಲ, ಒಂದು ಬೀಡಿ ಸೇದಿದ.
ಆಮ್ಯಾಲ ರೇಡಿಯೇಟರ್ ತಗದು, ಚಾಲೂ ಮಾಡು ಅಂದ:
ಎಸರು ಕುದ್ದಂಗ ಗುಳ್ಳಿ ಎದ್ದವು.
"ಹೆಡ್ ಗ್ಯಾಸ್ಕೆಟ್ ಹೋಗೈತಿ.
ಬೆಂಕಿಗೂ ನೀರಿಗೂ ನಡುವ ಒಂದು ಹಾಳಿ, ಅಷ್ಟ ನೋಡು.
ಬಾಳ ಕಾಸಿ ಓಡಿಸಿ ನೀ.
ಕೆಂಪು ದೀಪ ಹತ್ತಲಿಲ್ಲೇನು?"

ಅಂದು ಬಾಗಿಲ ತಗದು ಒಳಗ ಬಗ್ಗಿದ.
ಮೀಟರಿನ ಮೂಲ್ಯಾಗ, ದೀಪದ ಜಾಗಾದಾಗ,
ಮರೂನ್ ಬಣ್ಣದ ಒಂದು ಟಿಕಳಿ.
ಫಕ್ಕೀರವ್ವ ಕನ್ನಡಿಗೆ ಅಂಟಿಸಿಟ್ಟಿದ್ದು.
ರಾತ್ರಿ ಕಣ್ಣಿಗೆ ಚುಚ್ಚತಿತ್ತು ದೀಪ,
ತಂದು ಅದರ ಹಣಿಗೆ ಹಚ್ಚಿದ್ದೆ.
ರಾಜೇಸಾಬ ನಗಲಿಲ್ಲ.
ನಕ್ಕಿದ್ರ ಚೊಲೋ ಇತ್ತು.

ಕುರ್ಚಿ ಮಂದಿ ಟ್ರ್ಯಾಕ್ಟರಿನ್ಯಾಗ ಹೋದವು.
ನಾನು ಗೋಣಿಚೀಲದಾಗ ಹೆಡ್ ಸುತ್ತಿಕೊಂಡು
ಹುಬ್ಬಳ್ಳಿ ಬಸ್ಸು ಹತ್ತಿದೆ, ಗೋಕುಲ ರೋಡಿನ ಲೇಥಿಗೆ.
"ಏನದು?" ಅಂದ ಕಂಡಕ್ಟರ್.
"ತಲಿ" ಅಂದೆ.
"ಯಾರದು?"
ಅಣ್ಣಿಗೇರಿ ದಾಟೋತನಕ ನಕ್ಕಿತು ಬಸ್ಸು.
ಲಗೇಜ್ ತಿಕೀಟು ಮಾತ್ರ ಬಿಡಲಿಲ್ಲ.

ಮೂರನೇ ದಿನ ತಲಿ ಕೂಡಿಸಿದ ರಾಜೇಸಾಬ.
ಕನ್ನಡಿಯಂಗ ಸಪಾಟ ಮುಖ, ಹೊಸಾ ಗ್ಯಾಸ್ಕೆಟ್.
ಬೋಲ್ಟು ನಡುವಿಂದ ಅಂಚಿಗೆ, ಅಂಚಿಗೆ,
ಜ್ವಾಳದ ರೊಟ್ಟಿ ಬಡದಂಗ,
ಒಮ್ಮೆಲೆ ಅಲ್ಲ, ಮೂರು ಸುತ್ತು, ಅಳತಿ ಪಾನಾದಲೆ.
ಬಾಯಾಗ ಏನೋ ಎಣಿಸ್ತಿದ್ದ.
ಮಜೂರಿ, ಲೇಥು, ಹಸಿರು ಕೂಲಂಟ್, ಹೊಸಾ ಎಣ್ಣಿ,
ಹನ್ನೊಂದು ಸಾವಿರ;
ಮದಿವಿ ಬಾಡಿಗಿ ಎರಡೂವರಿ ಇತ್ತು.

ಚಾಲೂ ಮಾಡಿದೆ.
ಮತ್ತ ಬೆಳ್ಳಗ ಬಂತು.
ನನ್ನ ಕೈಕಾಲು ಸತ್ತವು.
"ತಡಿ" ಅಂದ, "ಪೈಪಿನ್ಯಾಗ ಹಳೇ ನೀರು ಐತಿ.
ಅಳು ನಿಂತ ಮ್ಯಾಲೂ ಬಿಕ್ಕು ಇರತಾವಲ್ಲ."
ತಡದೆ. ಬೇವಿನ ಎಲಿ ಕಾಣಸಿದವು,
ಆಚೆ ಗ್ವಾಡಿ ಕಾಣಸಿತು,
ಗ್ವಾಡಿ ಮ್ಯಾಲಿನ ಸಿಮೆಂಟಿನ ಜಾಹೀರಾತು ಓದಾಕ ಬಂತು.
ಅಂಗೈ ಒಡ್ಡಿದೆ: ಬರೇ ಬಿಸಿ.

"ಈಗ ಬಂದ್ ಮಾಡು. ಚಾವಿ ಅರ್ಧ ತಿರುವು" ಅಂದ.
ತಿರುವಿದೆ. ಕೆಂಪು ದೀಪ ಹತ್ತಿತು.
ಬಟ್ಟು ತಾನಾಗೇ ಅದರ ಕಡೆ ಹೋತು.
"ಮುಟ್ಟಬ್ಯಾಡ."
ಒಂದು, ಎರಡು, ಮೂರು.
ತಾನ ಆರಿತು.

ಗಾಜಿನ ಮ್ಯಾಲ ಟಿಕಳಿ ಅಂಟಿನ ದುಂಡನೆ ಗುರುತು.
ಕೆರದ್ರ ಹೋಗತೈತಿ ಅಂದ ರಾಜೇಸಾಬ.
ನಾ ಕೆರೀಲಿಲ್ಲ.