ಮೊಳೆಯಲ್ಲಿ ತೂಗುತ್ತಿದ್ದ ಕೀಲಿ

ಡುಲೂತ್ ಊರಿನ ಕೋರ್ಟಿನಲ್ಲಿ ಹೆಂಗಸರಿಗೆ ಕಕ್ಕಸು ಇರಲಿಲ್ಲ.
ಕಟ್ಟಿದವರಿಗೆ ಅದು ಹೊಳೆದೇ ಇರಲಿಲ್ಲ.
ಹೆಂಗಸು ಅಲ್ಲಿಗೆ ಬಂದರೂ
ಅತ್ತು, ಸಹಿ ಹಾಕಿ, ಹೊರಟುಹೋಗುವವಳು ತಾನೆ.

ಹಾಗಾಗಿ ವಕೀಲೆ ಹುಲ್ಡಾ ಲಿಂಡ್‌ಕ್ವಿಸ್ಟ್
ಹತ್ತು ನಿಮಿಷದ ವಿರಾಮದಲ್ಲಿ
ಮೊಣಕಾಲುದ್ದದ ಹಿಮ ತುಳಿದು
ಎದುರಿನ ನಮ್ಮಜ್ಜಿಯ ಬೇಕರಿಗೆ ಬರುತ್ತಿದ್ದಳು.
ಹಿತ್ತಲ ಕೀಲಿ ಮೊಳೆಯಲ್ಲಿ ತೂಗುತ್ತಿತ್ತು.
ಕೇಳುವುದೇನೂ ಇರಲಿಲ್ಲ.

ಯುದ್ಧ ಬೇಡವೆಂದು ಕರಪತ್ರ ಹಂಚಿದ
ಬಂದರಿನ ಕೂಲಿಯೊಬ್ಬ ಜೈಲಿನಲ್ಲಿ;
ಫಿನ್ಲೆಂಡಿನವನನ್ನು ಮದುವೆಯಾದ ತಪ್ಪಿಗೆ
ಹುಟ್ಟಿದ ದೇಶಕ್ಕೇ ಪರದೇಶಿಯಾದ ವಿಲ್ಮಾ.
ರೊಟ್ಟಿ ಸುತ್ತುವ ಕಾಗದದ ಮೇಲೆ
ಇವರಿಗಾಗಿ ಕೊನೆಯ ಮಾತು ಗೀಚುತ್ತಿದ್ದಳಂತೆ ಹುಲ್ಡಾ,
ನಿಂತೇ. ಬೂಟಿನ ಹಿಮ ಕರಗಿ ನೆಲವೆಲ್ಲ ರಾಡಿ.
"ಗೆಲ್ಲುವವಳು ಅವಳು," ಅಜ್ಜಿ ಗೊಣಗುತ್ತಿದ್ದಳು,
"ಒರೆಸುವವಳು ನಾನು."

ಎಲ್ಲ ಸಲ ಗೆಲ್ಲಲಿಲ್ಲ. ಕೂಲಿಗೆ ಎರಡು ವರ್ಷ ಬಿತ್ತು.
ಫೀಸಿಗೆಂದು ಅವನ ಹೆಂಡತಿ ತಂದಿಟ್ಟ ಹೊಗೆಮೀನು
ವಾರವಿಡೀ ಬೇಕರಿಯಲ್ಲಿ ನಾರಿತು.
ಗಿರಾಕಿಗಳು ಮೂಗು ಮುಚ್ಚಿಕೊಂಡು ಬನ್ನು ಕೊಂಡರು.

ಈ ಮಾರ್ಚಿನಲ್ಲಿ ನನಗೆ ಜ್ಯೂರಿಯ ಕರೆ ಬಂತು.
ಹನ್ನೆರಡರಲ್ಲಿ ಏಳು ಮಂದಿ ಹೆಂಗಸರು.
ಎರಡನೇ ಮಹಡಿಯ ಕಕ್ಕಸಿನಲ್ಲಿ ಬಿಸಿನೀರು ಬರುತ್ತದೆ;
ಅವಳ ಹೆಸರಿನ ಫಲಕ ಎಲ್ಲೂ ಇಲ್ಲ.
ಕೈ ತೊಳೆದು ಕಿಟಕಿಯಲ್ಲಿ ಇಣುಕಿದೆ:
ಬೇಕರಿ ಇದ್ದಲ್ಲಿ ಈಗ ಕಾರು ನಿಲ್ಲಿಸುತ್ತಾರೆ.
ಕೀಲಿ ನನ್ನ ಚೀಲದಲ್ಲಿತ್ತು.
ಯಾಕೆ ತಂದೆನೋ, ಬಾಗಿಲೇ ಇಲ್ಲದ ಕೀಲಿ.

ವಿರಾಮ ಮುಗಿಯಿತೆಂದು ಯಾರೋ ಕೂಗಿದರು.
ಕಟಕಟೆಯಲ್ಲೊಬ್ಬ ಹುಡುಗ, ಸಡಿಲ ಕೋಟು, ಯಾರದೋ ಸಾಲ ತಂದದ್ದು.
ಅವನು ಹೇಳುವುದನ್ನು ಪೂರ್ತಿ ಕೇಳಬೇಕು.
ಹೊಸ್ತಿಲಲ್ಲಿ ಬೂಟು ಒರೆಸಿಕೊಂಡು
ಒಳಗೆ ಹೋದೆ.