ಎರಡನೇ ಶನಿವಾರ

ವಿರಾಜಪೇಟೆ ಗಡಿಯಾರ ಕಂಬದ ಹಿಂದಿನ ಇಳಿಜಾರಲ್ಲಿ
ಊರವರದೇ ಒಂದು ತೋಟ; ಮೊನ್ನೆವರೆಗೆ ಬಾಟಲಿ ಬೀಳುತ್ತಿದ್ದ ಜಾಗ.
ನಮ್ಮ ವಿಮಾ ಕಚೇರಿಯ ಹನ್ನೊಂದು ಜನ
ಹೊಸ ಗಂಬೂಟು ಹಾಕಿಕೊಂಡು ಹೋದೆವು.

ಮ್ಯಾನೇಜರ್ ತಮ್ಮಯ್ಯ ಪಾತಿಗೆ ದಾರ ಹಿಡಿದು
ಕಾಲಂ ಎಳೆದರು.
ಹತ್ತೇ ನಿಮಿಷಕ್ಕೆ ಗುದ್ದಲಿ ಅವರ ಕೈ ಸುಲಿಯಿತು.
ಕ್ಲೇಮು ವಿಭಾಗದ ರುಖಿಯಾ
ಸೂಜಿಮೆಣಸಿನ ಸಸಿಗಳನ್ನು ಎರಡು ಸಲ ಎಣಿಸಿದಳು, ಒಂದು ಕಮ್ಮಿ.
ನಾನು ಕೆಸುವಿನ ಗೆಡ್ಡೆ ತಲೆಕೆಳಗಾಗಿ ನೆಟ್ಟೆ.
ಕಸ ಗುಡಿಸುವ ಪಾರು ಏನೂ ಅನ್ನದೆ
ಹಿಂದಿನಿಂದ ಬಂದು ತಿರುಗಿಸಿಡುತ್ತಿದ್ದಳು.

ಹನ್ನೆರಡಕ್ಕೆ ಫೋಟೊ. ಆಮೇಲೆ
ಗಂಬೂಟಿನೊಳಗೆ ಜಿಗಣೆ.
ಹುಬ್ಬಳ್ಳಿಯ ಲೆಕ್ಕಿಗ ಗುರುಬಸಪ್ಪನ ಕೂಗು
ಗಡಿಯಾರದವರೆಗೆ ಹೋಯಿತು.
ಪಾರು ಸೊಂಟದ ಪೊಟ್ಟಣ ಬಿಚ್ಚಿ ಉಪ್ಪು ಹಾಕಿದಳು.

ಸೋಮವಾರ, ಹಾಜರಿ ಯಂತ್ರದ ಮುಂದೆ
ಸಾಹೇಬರ ಸುಲಿದ ಹೆಬ್ಬೆರಳು.
ಒತ್ತಿದರೆ ಕೆಂಪು, ಒರೆಸಿ ಒತ್ತಿದರೂ ಕೆಂಪು:
ಗುರುತು ಸಿಗಲಿಲ್ಲ, ಮತ್ತೆ ಪ್ರಯತ್ನಿಸಿ.
"ನಂದು ದಿನಾ ಹಂಗೇ ಸಾರ್,"
ಬಕೆಟ್ ಕೆಳಗಿಡದೆ ಪಾರು ಅಂದಳು,
"ಅರ್ಧ ದಿನ ಕಟ್ ಆಗ್ತದೆ."

ತಮ್ಮಯ್ಯ ಬೀರು ತೆರೆದು
ಹಳೇ ಹಾಜರಿ ಪುಸ್ತಕ ಹುಡುಕತೊಡಗಿದರು,
ಉಗುರಿನ ಸಂದಿಯಲ್ಲಿ ಇನ್ನೂ ಆ ಇಳಿಜಾರು.